ಫೋಟೊ ಇಲ್ಲದ ಆರು ಭೇಟಿಗಳು

ಆರೋಗ್ಯ ವಿಮೆಯ ಮನೆಭೇಟಿಗಳನ್ನು ಪರಿಶೀಲಿಸುವ ಮಾನ್ಯ ಅಧಿಕಾರಿಗಳೇ,

‘ಬಂದು ಹೋದವರ ನೆರಳು ಹೊಸ್ತಿಲಲ್ಲಿ ಉಳಿಯುತ್ತದೆ’ ಎಂಬಂಥ ಸಾಲೊಂದನ್ನು ಕಾಲೇಜಿನ ದಿನಗಳಲ್ಲಿ ಓದಿದ್ದೆ. ಪದಗಳು ಹೀಗೇ ಇದ್ದವೋ ಇಲ್ಲವೋ. ಇದ್ದರೂ ಅದು ಸುಳ್ಳಿರಬೇಕು. ಆಶಾ ಕಾರ್ಯಕರ್ತೆ ಕಳಕವ್ವ, ಬಂದೆನೆಂದು ಬರೆದ ಆರು ಸಲವೂ ನಮ್ಮ ಮನೆಗೆ ಬಂದೇ ಇಲ್ಲ ಎಂದು ನೀವು ನೋಟಿಸು ಕೊಟ್ಟಿದ್ದೀರಿ. ಏಳು ದಿನದೊಳಗೆ ರೋಗಿಯೊಂದಿಗಿನ ಫೋಟೊ ಒದಗಿಸದಿದ್ದರೆ ಅವರನ್ನು ಕೆಲಸದಿಂದ ತೆಗೆಯುತ್ತೀರಿ.

ಆ ರೋಗಿ ನನ್ನ ಅಕ್ಕ ಬನಶಂಕರಿ. ಮೂವತ್ತು ವರ್ಷ ಮಗ್ಗದಲ್ಲಿ ಕುಳಿತು ಸೀರೆ ನೇಯ್ದವಳು. ಸರ್ಕಾರಿ ವಿಮೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದು ಮನೆಗೆ ಬಂದಾಗ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಹೊದ್ದ ಸೆರಗು ನಿಲ್ಲದೆ ಜಾರುತ್ತಿತ್ತು. ಮೊದಲ ಭೇಟಿಯಲ್ಲಿ ಕಳಕವ್ವ ನಿಯಮದಂತೆ ನಿಮ್ಮ ಆ್ಯಪಿಗೆ ಫೋಟೊ ಹಾಕಲು ಮೊಬೈಲ್ ಎತ್ತಿದರು.

“ಏ ಕಳಕವ್ವಾ, ಒಳಗ ಇಡ ಅದನ್ನ. ಈ ಬೋಳು ತಲಿ ಯಾರಿಗೆ ತೋರಸ್ತಿ?” ಎಂದಳು ಅಕ್ಕ.

“ಸಾಹೇಬ್ರಿಗೆ ಬೇಕಂತರೀ, ಅಕ್ಕಾರ.”

“ಯಾಕ, ಕನ್ಯಾ ನೋಡಾಕತ್ತಾರೇನು? ಕೂದಲು ಬರ್ಲಿ ತಡಿ. ನಾನ ನೇಯ್ದ ಸೀರಿ ಉಟ್ಟು ಕುಂಡ್ರತೇನಿ.”

ಕಳಕವ್ವ ನಕ್ಕು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಐದು ಸಲ ಬಂದರೂ ತೆಗೆಯಲಿಲ್ಲ. ಜ್ವರ ನೋಡಿದರು, ಮಾತ್ರೆ ನುಂಗಿಸಿದರು. ನಾಲ್ಕನೆಯ ಸಲ ಅಕ್ಕನ ಉಸಿರಾಟ ಸರಿಯಿಲ್ಲವೆಂದು ತಾವೇ ಆಟೊ ಕರೆಸಿ ಆಸ್ಪತ್ರೆಗೆ ಕರೆದೊಯ್ದರು. ಮನೆಗೆ ಮರಳಿದ ಅಕ್ಕ ಇನ್ನೂ ಮೂರು ವಾರ ಬದುಕಿದಳು. ಕೂದಲು ಬರಲಿಲ್ಲ.

ಮಾನ್ಯರೇ, ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ನಿಮ್ಮ ನೋಟಿಸನ್ನು ಬಸ್ಸಿನ ವೇಳಾಪಟ್ಟಿಯಂತೆ ಓದಿ ಮಡಚಿಟ್ಟೆ. ಬಾರದೆಯೇ ಬಂದೆವೆಂದು ಬರೆಯುವವರೂ ಇರಬಹುದು. ಪರಿಶೀಲನೆ ಬೇಕು, ಒಪ್ಪುತ್ತೇನೆ. ಆದರೆ ಗದಗಿನ ನಿಮ್ಮ ಕಚೇರಿಯಿಂದ ಬೆಟಗೇರಿಗೆ ಆಟೊ ಸಿಗುವುದಿಲ್ಲವೇ? ನಮ್ಮ ಓಣಿಗೆ ಬಂದು ಒಂದು ಮಾತು ಕೇಳಲು ಯಾವ ನಿಯಮ ಅಡ್ಡ ಬಂತು? ‘ಫೋಟೊ ಬೇಡ’ ಎಂದ ರೋಗಿಗೆ ನಿಮ್ಮ ಆ್ಯಪಿನಲ್ಲಿ ಜಾಗವೇ ಇಲ್ಲವೇ? ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಹೀಗೆ ಮುಖ ತಿರುಗಿಸಿದವರು ಇನ್ನೆಷ್ಟು ಮಂದಿಯೋ.

ನೋಟಿಸನ್ನು ಹಿಂಪಡೆಯಿರಿ. ಫೋಟೊದ ಬದಲು ನನ್ನ ಹೇಳಿಕೆ ಬರೆದುಕೊಳ್ಳಿ. ನಾನು ಮನೆಯಲ್ಲೇ ಇರುತ್ತೇನೆ. ಈಗ ಹೊರಗೆ ಹೋಗುವ ಕೆಲಸವೇನೂ ಇಲ್ಲ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಯಾರೂ ಬಾರದ ಮನೆಯವಳು,
ಅನುರಾಧಾ, ಬೆಟಗೇರಿ

ತಾ.ಕ.: ಇದನ್ನು ಬರೆದು ಮುಗಿಸುವಾಗ ಪಕ್ಕದ ಮನೆಯ ಗದಿಗೆವ್ವ ಬಂದರು. ಏನು ಬರೆಯುತ್ತಿದ್ದೇನೆಂದು ಕೇಳಿ ತಿಳಿದುಕೊಂಡು, ಬಾಗಿಲಲ್ಲೇ ನಿಂತು ಗೋಡೆಯ ಮೇಲಿನ ಅಕ್ಕನ ಫೋಟೊ ನೋಡಿ ಹೇಳಿದರು: “ಇಷ್ಟ್ಯಾಕ ಬರಿಯಾಕತ್ತಿಯವ್ವಾ? ಆ ಫೋಟೊದಾಗ ಬನಶಂಕರಿಗೆ ಕೂದಲು ಅದಾವಲ್ಲ. ಕಳಕವ್ವನ್ನ ಅದರ ಬಾಜೂಕ ನಿಲ್ಲಿಸಿ ಒಂದು ತಗದು ಕಳಸು. ಹಾರ ಅಷ್ಟ ತಗಿ.”