ಬೀಗ ಹಾಕಿಡಬೇಕಾದ ಔಷಧಿ

ಮಾರ್ಚ್ ೧೪, ಬೆಳಿಗ್ಗೆ
ಆಸ್ಪತ್ರೆಯ ಬೆಂಚಿನಿಂದ

ಮುದ್ದು ಮಗಳೇ,

ಹೇಗಿದ್ದೀಯಮ್ಮ? ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ಇಷ್ಟೆಲ್ಲ ಹೇಳಿ ಮುಗಿಸಲಾರೆ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ.

ನಿನ್ನಮ್ಮನ ಸೊಂಟದ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಗಾಯಕ್ಕೆ ಸೋಂಕು ತಗಲಿ ಜ್ವರ ಬಿಟ್ಟಿಲ್ಲ, ಇದುವರೆಗೆ ಕೊಟ್ಟ ಯಾವ ಔಷಧಿಗೂ ಜಗ್ಗುತ್ತಿಲ್ಲ. ಅವಳೇ ಕಂಡುಹಿಡಿದ ಆಂಟಿಬಯಾಟಿಕ್ ಔಷಧಿಯನ್ನು ಶುರು ಮಾಡೋಣ ಎಂದು ಡಾಕ್ಟರು ಮೊನ್ನೆಯೇ ಹೇಳಿದರು. ಇವಳು ಒಪ್ಪಬೇಕಲ್ಲ! ಈ ಸೋಂಕು ಯಾವ ಔಷಧಿಗೆ ಬಗ್ಗುತ್ತದೆಂಬ ಲ್ಯಾಬ್ ರಿಪೋರ್ಟ್ ಬರಲಿ, ಹಳೆಯ ಔಷಧಿಗಳಲ್ಲಿ ಒಂದಾದರೂ ನಾಟುವುದಾದರೆ ಅದೇ ಸಾಕು ಎಂದು ಹಟ ಹಿಡಿದಳು. ಜ್ವರದಲ್ಲಿ ನಡುಗುತ್ತಾ ಡಾಕ್ಟರಿಗೇ ಪಾಠ. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಅವಳ ಸ್ವಭಾವ ನಿನಗೆ ಗೊತ್ತಲ್ಲ. ಆ ಔಷಧಿಗಾಗಿ ತಲೆಗೂದಲೆಲ್ಲ ಬೆಳ್ಳಗೆ ಮಾಡಿಕೊಂಡಳು. ಅದು ಅಂಗಡಿಗೆ ಬರುವ ಹೊತ್ತಿಗೆ ಕಂಪನಿಯವರು ಡಾಕ್ಟರುಗಳ ಸಭೆಗೆ ಕರೆದೊಯ್ದರೆ, ವೇದಿಕೆ ಹತ್ತಿ ಏನು ಹೇಳಿದಳು ಗೊತ್ತೆ? ಬೇರೆಲ್ಲ ಸೋತ ಮೇಲಷ್ಟೇ ಇದನ್ನು ಮುಟ್ಟಿ, ಅಲ್ಲಿಯತನಕ ಬೀಗ ಹಾಕಿಡಿ ಅಂತ! ಮಾರಾಟದ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಮನೆಗೇ ಬಂದ. ಅಂಗಡಿ ಬಾಗಿಲಲ್ಲಿ ನೀವೇ ನಿಂತು ಗಿರಾಕಿಗಳನ್ನು ಓಡಿಸಿದರೆ ನಾವು ಬದುಕುವುದು ಹೇಗೆ ಎಂದು ಗೋಳಾಡಿದ. ಇವಳು ಚಹಾ ಕೊಟ್ಟು ಹೇಳಿದಳು:

"ಕಂಡಕಂಡವರಿಗೆಲ್ಲ ಕೊಟ್ರೆ ಬ್ಯಾಕ್ಟೀರಿಯಾ ಪಳಗಿಬಿಡುತ್ತೆ. ಆಮೇಲೆ ಸಾಯೋ ಹಾಗಿರೋವ್ರಿಗೆ ಏನು ಕೊಡ್ತೀರಿ?"

ಪಾಪ, ಅವನ ಮಾತೂ ಸುಳ್ಳಲ್ಲ. ಡಾಕ್ಟರುಗಳು ಔಷಧಿಯನ್ನು ಬಾಯಿ ತುಂಬ ಹೊಗಳಿ ಕಪಾಟಿನಲ್ಲಿಟ್ಟರು. ಅದು ಬಿ.ಪಿ. ಮಾತ್ರೆಯಾಗಿದ್ದರೆ ಜನ ಜೀವಮಾನವಿಡೀ ನುಂಗುತ್ತಿದ್ದರು. ಬಳಸದೆ ಉಳಿಸಬೇಕಾದ ಸರಕಿನಿಂದ ಕಂಪನಿಗೆ ಬಾಡಿಗೆಯೂ ಹುಟ್ಟಲಿಲ್ಲ, ಹೋದ ವರ್ಷ ತಯಾರಿಕೆಯನ್ನೇ ನಿಲ್ಲಿಸಿದರು. ಇವಳು ಒಂದು ದಿನ ಅತ್ತಳು. ಮಾರನೆಯ ದಿನ ಸರ್ಕಾರಕ್ಕೆ ಬರೆಯಲು ಕೂತಳು: ಬೆಂಕಿ ಬೀಳದಿದ್ದರೂ ಬೆಂಕಿ ಆರಿಸುವವರಿಗೆ ಸಂಬಳ ಕೊಡುತ್ತೀರಲ್ಲ, ಇಂಥ ಔಷಧಿಗೂ ಹಾಗೇ ಕೊಡಿ ಅಂತ. ಇನ್ನೂ ಉತ್ತರವಿಲ್ಲ. ಇಂಥವಳ ಜೊತೆ ಬಾಳಿದ್ದು ನನ್ನ ಪುಣ್ಯ ಕಣಮ್ಮ.

ಈ ಆಸ್ಪತ್ರೆಯ ಕಪಾಟಿನಲ್ಲಿ ಆ ಔಷಧಿ ಒಬ್ಬರಿಗಾಗುವಷ್ಟು ಉಳಿದಿದೆ, ಅದೇ ನನಗೆ ಧೈರ್ಯ. ರಿಪೋರ್ಟ್ ಇವತ್ತು ಬರುತ್ತದೆ. ಅಳಿಯಂದಿರಿಗೂ ಪುಟ್ಟಿಗೂ ನಮ್ಮಿಬ್ಬರ ಆಶೀರ್ವಾದ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಅಪ್ಪ

ಇನ್ನೊಂದು ಮಾತು: ಈಗ ರಿಪೋರ್ಟ್ ಬಂತು. ಹಳೆಯದು ಯಾವುದೂ ನಾಟುವುದಿಲ್ಲವಂತೆ. ಹಾಗಾದರೆ ಕಪಾಟು ತೆಗೆಯಿರಿ ಅಂದೆ. ಕಪಾಟು ಖಾಲಿ ಅಂದರು ಡಾಕ್ಟರು. ಇದ್ದಷ್ಟನ್ನೂ ನಿನ್ನೆ ಪಕ್ಕದ ವಾರ್ಡಿನ ಬಾಣಂತಿಗೆ ಕೊಟ್ಟರಂತೆ, ನಿನ್ನಮ್ಮನನ್ನು ಕೇಳಿಯೇ. ಯಾಕೆ ಹೀಗೆ ಮಾಡಿದೆ ಎಂದು ಅವಳ ಕೈ ಹಿಡಿದು ಕೇಳಿದೆ.

"ಅವಳ ರಿಪೋರ್ಟ್ ಬಂದಿತ್ತು ಕಣ್ರೀ. ನಂದು ಇನ್ನೂ ಬಂದಿರ್ಲಿಲ್ಲ" ಅಂದಳು.

ಡಾಕ್ಟರು ಬೇರೆ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡುತ್ತಿದ್ದಾರೆ. ನೀನು ಹೊರಟು ಬಾ ಮಗಳೇ.