ಅಕ್ಕನ ಕಾರಿನ ಮೂಗು

ಜೂನ್ 3, ಸೋಮವಾರ

ನಾನು ದುಡಿಯುವ ಗ್ಯಾರೇಜಿಗೆ ಮತ್ತೆ ಬಂತು. ಅಕ್ಕನ ಡ್ರೈವಿಂಗ್ ಕ್ಲಾಸಿನ ಕಾರು. ಮುಂದೆ ಕೆಂಪು ‘ಎಲ್’, ಹಿಂದೆ ಕೊಳೆತ ಮೊಟ್ಟೆಯ ನಾತ. ಥೂ.

ಅಕ್ಕ ಇಳಿದವಳೇ ಶುರು: “ಲೋ, ನನ್ನ ಸ್ಟೂಡೆಂಟು ಇವತ್ತು ಕ್ಲಚ್ ಒತ್ತೋ ಬದಲು ಮೂಗು ಒತ್ಕೊಂಡ್ಲು. ಗೋಡೆಗೆ ಗುದ್ದೋದೊಂದು ಬಾಕಿ!”

14ಕ್ಕೆ ಹೊಗೆ ತಪಾಸಣೆ. ಒಮ್ಮೆ ಫೇಲ್ ಆಗಿದೆ. ಇನ್ನೊಮ್ಮೆ ಆದರೆ ಪರ್ಮಿಟ್ ರದ್ದು, ಕ್ಲಾಸು ಬಂದ್.

ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದೆ. ಆಕ್ಸಿಜನ್ ಸೆನ್ಸರ್ — ಹೊಗೆ ಕೊಳವೆಯೊಳಗೆ ಕೂತು, ಗಾಳಿ ಎಷ್ಟು ಉಳಿಯಿತು ಅಂತ ಕಂಪ್ಯೂಟರಿಗೆ ಚಾಡಿ ಹೇಳುವ ಮಹಾಶಯರು — “ಗಾಳಿ ಜಾಸ್ತಿ, ಪೆಟ್ರೋಲು ಸಾಲದು” ಅನ್ನುತ್ತಿದ್ದಾರೆ. ಹಿಂದೆ ಹೋಗಿ ಮೂಸಿದರೆ ಪೆಟ್ರೋಲೋ ಪೆಟ್ರೋಲು. ಚಾಡಿ ನಂಬಿ ಸುರಿಯುತ್ತಲೇ ಇದೆ ಪಾಪದ ಕಂಪ್ಯೂಟರು.

ಚಿಕ್ಕಪ್ಪನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹೇಳಿದ್ದೇ ವೇದವಾಕ್ಯ. “ಸೆನ್ಸರ್ ಬದಲಾಯಿಸು.” ಬದಲಾಯಿಸಿದೆ. ಇದು ಮೂರನೆಯದು. ಹಿಂದಿನ ಎರಡನ್ನೂ ಶೆಲ್ಫಿನ ಮೇಲೆ ಮಲಗಿಸಿ, ‘ಸುಳ್ಳು ಹೇಳುತ್ತಲೇ ಸತ್ತವರು’ ಅಂತ ಬೋರ್ಡ್ ಬರೆದು, ಒಂದು ನಿಮಿಷ ಮೌನ ಆಚರಿಸಿದೆ. ಚಿಕ್ಕಪ್ಪ ನಗಲಿಲ್ಲ.

“ಇದೂ ನಿನ್ನದೇ ಏನಾದ್ರೂ ಕಿತಾಪತಿ ಅಂತ ಗೊತ್ತಾಗ್ಲಿ, ನಿನ್ನನ್ನ ಗ್ಯಾರೇಜಿನೊಳಗೆ ಬಿಟ್ಕೊಳ್ಳಲ್ಲ.”

ಜೂನ್ 12, ಬುಧವಾರ, ಬೆಳಗ್ಗೆ

ಮೂರನೆಯ ಮಹಾಶಯರೂ ದಿವಂಗತ.

ಈ ಸಲ ಸ್ಕ್ಯಾನರ್ ಮಾತು ಕೇಳಲಿಲ್ಲ. ಎಂಜಿನ್ ಗಾಳಿ ಎಳೆಯುವ ಕಡೆ ಬೇಕಂತಲೇ ಅಡುಗೆ ಗ್ಯಾಸ್ ಬಿಟ್ಟೆ. ಸೆನ್ಸರ್ ಸರಿಯಿದ್ದರೆ ರೀಡಿಂಗ್ ಚಂಗನೆ ಮೇಲೆ ನೆಗೆಯಬೇಕು. ಊಹೂಂ. ಕಂಬಳಿ ಹೊದ್ದು ಮಲಗಿದವರ ಹಾಗೆ... ಬಿಚ್ಚಿದೆ. ಮಸಿ ಹಿಡಿದು ಕಪ್ಪಗಿರಬೇಕಾದ ತುದಿ ಸುಣ್ಣ ಬಳಿದಂತೆ ಬಿಳಿ. ಶೆಲ್ಫಿನ ಇಬ್ಬರನ್ನೂ ಎಬ್ಬಿಸಿ ನೋಡಿದೆ. ಅವರದೂ ಬಿಳಿ ಮೂತಿ.

ಸಾವಲ್ಲ. ಕೊಲೆ.

ಮಧ್ಯಾಹ್ನ

ಸಿಕ್ಕಿತು. ಎಂಜಿನ್ನಿನ ಮೇಲ್ಮುಚ್ಚಳದ ಅಂಚು, ಹಿಂಬದಿ, ಕೈ ಸರಿಯಾಗಿ ಹೋಗದ ಕಡೆ. ಬೆರಳಿಗೆ ಅಂಟಿತು. ಲೊಳಲೊಳ, ಹುಳಿ ವಾಸನೆ, ಒಂದರ ಮೇಲೊಂದು ಪದರ. ಜನ್ಮದಲ್ಲಿ ಹಲ್ಲುಜ್ಜದವನ ಬಾಯಿಗೆ ಬೆರಳಿಟ್ಟಂತಾಯಿತು. ಬಚ್ಚಲಲ್ಲಿ ಟೈಲ್ಸಿನ ಸಂದಿಗೆ ಹಚ್ಚುವ ಸಿಲಿಕಾನ್! ಅದರ ಆವಿಯನ್ನು ಎಂಜಿನ್ ಒಳಗೆಳೆದುಕೊಳ್ಳುತ್ತೆ, ಉರಿಸುತ್ತೆ, ಉಳಿದದ್ದು ಬಿಳಿ ಪುಡಿಯಾಗಿ ಸೆನ್ಸರಿನ ಮೂಗು ಕಟ್ಟುತ್ತೆ. ಎಷ್ಟು ಹೊಸದು ಹಾಕಿದರೂ ಅಷ್ಟೇ.

ನಮ್ಮ ಬಳಗದಲ್ಲಿ ಬಚ್ಚಲಿಗೆ ಟೈಲ್ಸ್ ಕೂರಿಸುವವರು ಒಬ್ಬರೇ. ಅಕ್ಕನ ಯಜಮಾನರು. ನಮ್ಮ ಭಾವ.

ಸಂಜೆ

ಕರೆಸಿದೆ. ತೋರಿಸಿದೆ. ಮುಖದಲ್ಲಿ ಏನು ಹೆಮ್ಮೆ!

“ಎಣ್ಣೆ ಒಸರ್ತಿತ್ತು ಕಣಯ್ಯ. ಭಾನುವಾರಕ್ಕೊಂದು ಕೋಟ್ ಕೊಡ್ತಿದ್ದೆ. ನಾನು ಹಚ್ಚಿದ ಬಾತ್‌ರೂಮು ಒಂದಾದ್ರೂ ಸೋರಿದ್ದುಂಟಾ?”

“ಭಾವ, ಬಾತ್‌ರೂಮು ಉಸಿರಾಡಲ್ಲ.”

ಎಲ್ಲಾ ಬಿಡಿಸಿ ಹೇಳಿದೆ. ಹೆಮ್ಮೆ ಇಳಿಯಿತು. ಅತ್ತಿತ್ತ ನೋಡಿ ಹತ್ತಿರ ಬಂದರು. “ನಿಮ್ಮಕ್ಕಂಗೆ ಹೇಳ್ಬೇಡ. ತಮಾಷೆಗೆ ನೀನೇ ಮಾಡ್ದೆ ಅನ್ನು. ನಿಂದು ಅಂದ್ರೆ ಯಾರು ಬೇಕಾದ್ರೂ ನಂಬ್ತಾರೆ.” ಬೆನ್ನು ತಟ್ಟಿದರು. ಅಂಗಿ ಬಿಚ್ಚಿ ಒಗೆಯಬೇಕು ಅನ್ನಿಸಿತು.

ಆಗಲ್ಲ ಅಂದೆ.

ಜೂನ್ 14, ಶುಕ್ರವಾರ

ಪಾಸ್.

ಆ ಹೊಲಸನ್ನೆಲ್ಲ ಬ್ಲೇಡಿನಲ್ಲಿ ಕೆರೆದು, ಎಣ್ಣೆ ಸೋರದಂತೆ ಹೊಸ ಗ್ಯಾಸ್ಕೆಟ್ ಕೂರಿಸಿ, ನಾಲ್ಕನೆಯ ಸೆನ್ಸರ್ ಹಾಕಿದ್ದೆ. ರೀಡಿಂಗ್ ಮೇಲೆ, ಕೆಳಗೆ, ಮೇಲೆ, ಕೆಳಗೆ — ಆರೋಗ್ಯವಂತರ ಕುಣಿತ. ಕುಣಿಯೋಣ ಅಂತ ನಾನೂ ಎದ್ದೆ. ಅಷ್ಟರಲ್ಲಿ ಅಕ್ಕ ಬಂದಳು. ತಮಾಷೆಗೆ ನಾನೇ ಹಚ್ಚಿದ್ದು ಅಂತ ಭಾವ ಮೊದಲೇ ಚಾಡಿ ಹೇಳಿಬಿಟ್ಟಿದ್ದಾರೆ.

“ನನ್ನ ಹೊಟ್ಟೆ ಮೇಲೆ ಹೊಡೆಯೋದೂ ನಿಂಗೆ ತಮಾಷೆಯೇನೋ?” ಎಲ್ಲರೆದುರು.

“ನಾನಲ್ಲ. ಭಾವ ಹಚ್ಚಿದ್ದು.”

ಚಿಕ್ಕಪ್ಪ ನಕ್ಕರು. ಇಷ್ಟು ದಿನ ನನ್ನ ಒಂದು ಜೋಕಿಗೂ ನಗದವರು ಇದಕ್ಕೆ ನಕ್ಕರು. ಆಮೇಲೆ, “ನಾಳೆಯಿಂದ ಬರ್ಬೇಡ.”

ಭಾವ ಪಕ್ಕದಲ್ಲೇ ಇದ್ದರು. ಉಗುರಿನ ಸಂದಿ ನೋಡಿಕೊಳ್ಳುತ್ತ. ಅಸಹ್ಯ.

ಜೂನ್ 19

ಮನೆ. ಗೋಡೆ. ಫ್ಯಾನು.

ಮಧ್ಯಾಹ್ನ ಅಕ್ಕ ಬಂದಳು. ಸ್ಟೂಡೆಂಟನ್ನು ಕಾರಲ್ಲೇ ಕೂರಿಸಿ. ಬಾಗಿಲಲ್ಲೇ ನಿಂತಳು.

“ನಿಮ್ಮ ಭಾವನೇ ಹಚ್ಚಿದ್ದು ಅಂತ ಗೊತ್ತು ಕಣೋ. ಅವರ ಬಟ್ಟೆ ಒಗೆಯೋಳು ನಾನು, ಭಾನುವಾರದ ಅಂಗೀಲಿ ಎಂಜಿನ್ ಎಣ್ಣೆ ಕಾಣಲ್ವಾ?”

“ಮತ್ತೆ ನನ್ನನ್ಯಾಕೆ ಬೈದೆ?”

“ಕ್ಲಾಸು ಮುಚ್ಚಿಸೋಕೆ ಅವರಿಗೊಂದು ನೆಪ ಸಾಕು. ಎಲ್ಲರೆದುರು ಅವರ ಮರ್ಯಾದೆ ಹೋಗಿದ್ರೆ, ಮಾರನೇ ದಿನವೇ ‘ಸಾಕು, ಮನೇಲಿ ಬಿದ್ದಿರು’ ಅಂತಿದ್ರು. ನೀನಾದ್ರೆ ಬೈಸ್ಕೊಂಡೂ ಹಲ್ಲು ಕಿರೀತೀಯ. ನಾಳೆ ಚಿಕ್ಕಪ್ಪನ ಹತ್ರ ತಪ್ಪಾಯ್ತು ಅಂದ್ಬಿಡು. ಒಳಗೆ ಸೇರಿಸ್ಕೋತಾರೆ. ನಾನು ಹೇಳಿದ್ದೀನಿ.”

“ನಿಜ ಹೇಳಿದ್ಯಾ?”

“ಇಲ್ಲ.”

ಹೊರಗೆ ಆ ಹುಡುಗಿ ಹಾರ್ನ್ ಹೊಡೆದಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಭಾವನ ಮೇಲೆ ಹೇಸಿಗೆ. ಅವಳ ಮೇಲೂ, ಸ್ವಲ್ಪ. ಹೂಂ ಅಂದೆ.

ನಾಳೆ ಕೈ ಕಟ್ಟಿ, ತಲೆ ತಗ್ಗಿಸಿ, ಪರಮ ಗಾಂಭೀರ್ಯದಿಂದ ಹೇಳಬೇಕಾದ ಡೈಲಾಗು. ನಗು ಬರಬಾರದು. ಬರೆದು ಬಾಯಿಪಾಠ ಮಾಡುತ್ತೇನೆ —

ಚಿಕ್ಕಪ್ಪ, ತಪ್ಪಾಯ್ತು. ಆ ಸಿಲಿಕಾನ್ ಹಚ್ಚಿದ್ದು ನಾ... ಥೂ, ಪೆನ್ನು ಮುಂದೆ ಓಡುತ್ತಿಲ್ಲ.