ಅಪ್ಪ ಎಲ್ಲರೆದುರು ಫಿಟ್ಸ್ ಅಂದ ದಿನ

ಪ್ರೀತಿಯ ಅಪ್ಪಾ,

ನೀನು ಹೋಗಿ ಎಂಟು ತಿಂಗಳಾಯಿತು. ಕೆಲಸದ ಮೇಲೆ ನಾನು ಅಹಮದಾಬಾದಿಗೆ ಬಂದೆ. ಅವ್ವನೂ ಸೂರತ್‌ನ ಉಧ್ನಾದ ಮನೆ ಬಿಟ್ಟು ನನ್ನ ಜೊತೆ ಇಲ್ಲಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲಿದ್ದಾಳೆ. ಪಕ್ಕದ ಮನೆಯ ಅಜ್ಜಿಯ ಜೊತೆ ತನ್ನ ಧಾರವಾಡದ ಹಿಂದಿಯಲ್ಲಿ ಹರಟುತ್ತಾಳೆ. ಚೆನ್ನಾಗಿದ್ದಾಳೆ. ಇದನ್ನು ಮೊದಲು ಹೇಳದಿದ್ದರೆ ನೀನು ಮುಂದೆ ಓದುವುದಿಲ್ಲ, ಗೊತ್ತು.

ನನ್ನ ಮೊದಲ ಫಿಟ್ಸ್ ನೆನಪಿದೆಯೇ? ನಿನಗೆ ರೈಲ್ವೆಯಲ್ಲಿ ಸೂರತ್‌ಗೆ ವರ್ಗವಾಗಿ ಎರಡೇ ತಿಂಗಳು. ನಾನು ಒಂಬತ್ತನೇ ಕ್ಲಾಸು. ಪ್ರಾರ್ಥನೆಯ ಸಾಲಿನಲ್ಲೇ ಬಿದ್ದೆನಂತೆ. ಯಾರೋ ಚಪ್ಪಲಿ ಮೂಸಿಸಿದರು, ಯಾರೋ ಹಲ್ಲಿನ ನಡುವೆ ಚಮಚ ತುರುಕಿದರು. ನೀನು ಸ್ಟೇಷನ್ನಿನಿಂದ ಓಡಿ ಬಂದು ನನ್ನ ತುಟಿಯ ರಕ್ತ ಒರೆಸಿದೆ. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ನೀನು ಪಿಸುಗುಟ್ಟಿದೆ: "ಯಾರ ಮುಂದೂ ಹೇಳಬ್ಯಾಡವಾ. ಹೇಳಿದ್ರ ನಿನ್ನ ಬಾಳೇ ಕೆಡ್ತದ."

ಅಂದಿನಿಂದ ನನ್ನ ಗುಳಿಗೆ ವಿಟಮಿನ್ ಡಬ್ಬಿ ಸೇರಿತು. ವಡೋದರಾದ ಡಾಕ್ಟರ ಹತ್ತಿರ ಹೊರಟಾಗಲೆಲ್ಲ ನೀನು ನೆರೆಯವರ ಮುಂದೆ "ಕಣ್ಣು ತೋರಿಸಲು ಹೋಗುತ್ತೇವೆ" ಎನ್ನುತ್ತಿದ್ದೆ. ಒಂದು ಹೊತ್ತೂ ಗುಳಿಗೆ ತಪ್ಪಲು ಬಿಡಲಿಲ್ಲ ನೀನು, ಅದನ್ನು ಮರೆತಿಲ್ಲ. ಆದರೆ ಶಾಲೆಯ ಪ್ರವಾಸ, ಹಾಸ್ಟೆಲ್, ಗೆಳತಿಯರ ಮನೆ... ಎಷ್ಟಕ್ಕೆ "ಬ್ಯಾಡ" ಅಂದೆ ಅಪ್ಪಾ?

ಹುಬ್ಬಳ್ಳಿಯ ಮದುವೆ ಸಂಬಂಧ ನಿಶ್ಚಯವಾದಾಗಲೂ ನೀನು ಬಾಯಿ ಬಿಡಲಿಲ್ಲ. ನಾನೇ ಹುಡುಗನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಮರುದಿನವೇ ಅವರು ಬೇಡವೆಂದರು. ಇಪ್ಪತ್ತು ದಿನ ನೀನು ನನ್ನ ಜೊತೆ ಮಾತು ಬಿಟ್ಟೆ. ಕೊನೆಗೆ ಊಟಕ್ಕೆ ಕುಳಿತಲ್ಲೇ ನೀನೇ ಕೇಳಿದೆ:

"ಯಾಕ ಹೇಳಿದಿ?"

"ಅವ್ರ ಮನ್ಯಾಗ ನಾ ಬಿದ್ದಾಗ ಗೊತ್ತಾಗೋದಕ್ಕಿಂತ ಈಗ ಗೊತ್ತಾಗೋದು ಛಲೋ ಅಲ್ಲೇನಪ್ಪಾ?"

ಮುಂದಿನ ಭಾನುವಾರ ನಾನು ವಡೋದರಾಕ್ಕೆ, ನಮ್ಮಂಥ ರೋಗಿಗಳು ಮತ್ತು ಮನೆಯವರು ಸೇರುವ ಸಭೆಗೆ ಹೊರಟಾಗ, ನೀನೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದೆ.

ಅಂದು ನೀನು ಕೊನೆಯ ಕುರ್ಚಿಯಲ್ಲಿ ಕುಳಿತಿದ್ದೆ. ಸೂರತ್‌ನ ಪಾಂಡೇಸರಾದ ಬಟ್ಟೆ ಗಿರಣಿಯ ಸವಿತಾಬೆನ್ ಎದ್ದು ಅತ್ತಳು. ಕೆಲಸದ ನಡುವೆ ಬಿದ್ದದ್ದಕ್ಕೆ ಅವಳನ್ನು ಕೆಲಸದಿಂದ ತೆಗೆದಿದ್ದರು. ರೋಗ ಮುಚ್ಚಿಟ್ಟಿದ್ದು ತನ್ನದೇ ತಪ್ಪು ಅಂದಳು. ಆಗ ನೀನು ಎದ್ದು ನಿಂತೆ. "ಮೇರಿ ಬೇಟಿಕೋ ಭೀ ಫಿಟ್ಸ್ ಆತಾ ಹೈ." ಮಗಳಿಗೆ ಫಿಟ್ಸ್ ಬರುತ್ತದೆ ಎಂದು ನೀನು ಎಲ್ಲರೆದುರು ಹೇಳಿದ್ದು ಹದಿನಾರು ವರ್ಷಗಳಲ್ಲಿ ಅದೇ ಮೊದಲ ಸಲ! ಮುಂದೆ ಹಿಂದಿ ಸಾಲದೆ ಕನ್ನಡಕ್ಕೆ ಹೊರಳಿದೆ. "ಮುಚ್ಚಿಡು ಅಂತ ಹೇಳಿದಾಂವ ನಾ. ಅದು ನನ್ನ ಅಂಜಿಕಿ. ಈ ತಂಗಿದು ಏನೂ ತಪ್ಪಿಲ್ಲ." ಅದನ್ನು ಎಲ್ಲರಿಗೂ ಹಿಂದಿಯಲ್ಲಿ ತಿಳಿಸಬೇಕಾದವಳು ನಾನು. ಪೂರ್ತಿ ಹೇಳಿದೆನೋ ಇಲ್ಲವೋ...

ಆಮೇಲೆ ನೀನು ನನ್ನ ಜೊತೆ ಮೂರು ಸಲ ಸವಿತಾಬೆನ್‌ಳ ಗಿರಣಿಗೆ ಬಂದೆ. ಮೂರು ಸಲವೂ ಮ್ಯಾನೇಜರು "ನೋಡೋಣ" ಎಂದರು. ನಾಲ್ಕನೆಯ ಸಲ ಹೋಗುವ ಮೊದಲೇ ನಿನಗೆ ಎದೆನೋವು ಬಂದು...

ಕಳೆದ ತಿಂಗಳು ಬೇರೆ ಬೇರೆ ದೇಶಗಳ ಇಂಥ ಗುಂಪುಗಳು ಆನ್‌ಲೈನಿನಲ್ಲಿ ಸೇರಿದ್ದವು. ಕೀನ್ಯಾದ ತಾಯಿಯೊಬ್ಬಳು ತಾನೂ ಮಗಳ ರೋಗ ಮುಚ್ಚಿಟ್ಟೆ ಎಂದಳು. ನಾನು ನಿನ್ನ ಕಥೆ ಹೇಳಿದೆ. "ನಿಮ್ಮ ತಂದೆಯ ಜೊತೆ ಮಾತಾಡಬಹುದೇ?" ಎಂದು ಕೇಳಿದಳು. ಏನೆಂದು ಹೇಳಲಿ? ಈಗ ನಿನ್ನ ಬದಲು ನಾನೇ ಅವಳಿಗೆ ಆಗಾಗ ಫೋನ್ ಮಾಡುತ್ತಿದ್ದೇನೆ.

ಇನ್ನೊಂದು ಸುದ್ದಿ. ನಾಲ್ಕನೆಯ ಸಲ ಒಬ್ಬಳೇ ಗಿರಣಿಗೆ ಹೋದೆ. ಡಾಕ್ಟರ ಪತ್ರ ತೋರಿಸಿದೆ. ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಕೆಲಸದ ಹೆಂಗಸರಿಗೆ ನೆಲದ ಮೇಲೆ ಮಲಗಿಯೇ ತೋರಿಸಿದೆ. ಸವಿತಾಬೆನ್‌ಳನ್ನು ಮರಳಿ ತೆಗೆದುಕೊಂಡರಪ್ಪಾ, ಯಂತ್ರಗಳಿಂದ ದೂರ, ಬಟ್ಟೆ ಮಡಚುವ ಕಡೆ. ಮೂರನೇ ವಾರ ಅವಳು ಮತ್ತೆ ಬಿದ್ದಳು. ಪಕ್ಕದ ಇಬ್ಬರು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಬಟ್ಟೆ ಇಟ್ಟು, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತ ಕುಳಿತರಂತೆ. ಬಾಯಿಗೆ ಏನೂ ತುರುಕಲಿಲ್ಲ. ಪೂರ್ತಿ ಎಚ್ಚರವಾದ ಮೇಲೆ ಚಹಾ ಕೊಟ್ಟು ಮನೆಗೆ ಬಿಟ್ಟುಬಂದರು. ಮರುದಿನ ಅವಳು ಕೆಲಸಕ್ಕೆ ಹೋದಾಗ ಅವಳ ಜಾಗ ಅವಳಿಗಾಗಿಯೇ ಇತ್ತು.

ನಿನ್ನ ಮಗಳು,
ಶೈಲಾ